ಕಾಶಿಬಾಯಿಯ ಬೆಂಕಿ ಪೀಪಾಯಿ

ಐನಾಪುರದ ಕಾಶಿಬಾಯಿ ಮೊನ್ನೆ ಮಂಗಳವಾರ ಬೆಳಗಿನ ಜಾವ ತೀರಿಕೊಂಡಳು. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಶಾಂತ ಸ್ವಭಾವದ ಹೆಣ್ಣುಮಗಳು ಎಂದು ಊರವರು ಈಗ ಹೇಳುತ್ತಿದ್ದಾರೆ. ಸುಳ್ಳು. ಆಕೆ ಕೇಳಿದ್ದರೆ ಜಗಳಕ್ಕೇ ಬರುತ್ತಿದ್ದಳು.

ಹೋದ ವರ್ಷ ಅವಳ ಎಮ್ಮೆ ಸತ್ತಿತು. ಹೊಟ್ಟೆ ಸೀಳಿದಾಗ ಬುಟ್ಟಿಗಟ್ಟಲೆ ಪ್ಲಾಸ್ಟಿಕ್ ಸಿಕ್ಕಿತು. ಓಣಿಯ ಕಸವೆಲ್ಲ ಹಿತ್ತಲ ಹಳ್ಳಕ್ಕೆ ಬೀಳುತ್ತಿತ್ತು. ಎಮ್ಮೆ ಅಲ್ಲೇ ಮೇಯುತ್ತಿತ್ತು. ಕಾಶಿಬಾಯಿ ಅಳಲಿಲ್ಲ. ಟ್ರ್ಯಾಕ್ಟರ್ ಗ್ಯಾರೇಜ್ ನಡೆಸುವ ಮಗ ಸುಹಾಸನ ಮುಂದೆ ನಿಂತು, "ಕಸ ಸುಡಾಕ ಒಂದು ಒಲಿ ಮಾಡಿಕೊಡು" ಅಂದಳು.

ಅವನು ಕಬ್ಬಿಣದ ಪೀಪಾಯಿಗೆ ನಾಲ್ಕು ಕಾಲು, ಹೊಗೆ ಕೊಳವೆ, ಗಾಳಿ ಊದುವ ಫ್ಯಾನು ಕೂಡಿಸಿದ. ಪಕ್ಕದ ಡಬ್ಬಿಯಿಂದ ಗ್ಯಾರೇಜಿನ ಹಳೇ ಆಯಿಲ್ ಹನಿಹನಿಯಾಗಿ ಬಿದ್ದು ಉರಿಯಬೇಕು.

ಜೈನರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗಂಟಿದ ಜೀವಗಳನ್ನು ಸೋಸಿದ ನೀರಲ್ಲೇ ತೊಳೆದು ಬಾವಿಗೆ ಮರಳಿಸುವುದು ವಾಡಿಕೆ. ಸಣ್ಣಂದಿನಿಂದ ಅದನ್ನೇ ಮಾಡಿದ ಕೈ ಅವಳದು. ಆಯಿಲನ್ನೂ ಸೋಸಿದಳು, ಬಟ್ಟೆ ತೊಳೆದ ನೀರನ್ನು ಆಯಿಲ್ ಡಬ್ಬಿಗೇ ಸುರಿದಳು. ಬೆಂಕಿ ಹಚ್ಚಿದ್ದೇ ನೀರು ಬೆರೆತ ಆಯಿಲ್ ಚಟಪಟ ಸಿಡಿಯಿತು. ಓಣಿಯೆಲ್ಲ ಕರಿಹೊಗೆ. ಅವಳ ಹುಬ್ಬು ಸುಟ್ಟಿತು.

"ಅವ್ವಾ, ಆಯಿಲ್‌ನ್ಯಾಗ ಎಂಥಾ ಜೀವ ಇರತಾವ?" ಸುಹಾಸ ನಕ್ಕ.

"ಇಲ್ಲಂತ ಈಗ ಗೊತ್ತಾತಲ್ಲ. ನಾಳೆ ಮತ್ತ ಹಚ್ಚೂಣು."

ಹಚ್ಚಿದಳು. ಆಮೇಲೆ ಉರಿ ಹದಕ್ಕೆ ಬಂತು, ಹೊಗೆ ತಗ್ಗಿತು. ಕಸವನ್ನು ಬಿಸಿಲಿಗೆ ಹರವಿ, ಇರುವೆಗಳು ಹೋಗುವವರೆಗೆ ಕಾದು ಸುಡುತ್ತಿದ್ದಳು. ದೀಪಕ್ಕೆ ಹುಳ ಬರುವ ಹೊತ್ತಿಗೆ ಬೆಂಕಿ ಆರಿರುತ್ತಿತ್ತು. ಹಸಿ ಕಸ ತಂದವರಿಗೆ ಬೈಗುಳ ಕೊಟ್ಟು ಕಳಿಸುತ್ತಿದ್ದಳು.

ಆದರೂ ಮೊದಲ ದಿನದ ಹೊಗೆಯನ್ನು ಹಿರಿಯರು ಮರೆಯಲಿಲ್ಲ. ಅವಳು ಸಾಯುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಬಸದಿಯ ಕಮಿಟಿಯ ಭರತ ನಾಲ್ವರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದ.

"ಕಾಶಿಬಾಯಾರ, ಚಾತುರ್ಮಾಸದಾಗ ಹುಳುಹುಪ್ಪಡಿ ಭಾಳ, ಇದು ಜೀವಹಿಂಸೆ ಆಗತೈತ್ರಿ. ನಾಳೆ ಗಾಡಿ ತರತೇವಿ. ಇದನ್ನ ಊರ ಹೊರಗ ಇಡೂಣು."

"ನನ್ನ ಎಮ್ಮಿ ಸತ್ತಾಗ ಯಾವ ಗಾಡಿ ತಂದಿದ್ರಿ, ಭರತಣ್ಣ?"

"ಅದು ಬ್ಯಾರೆ ಮಾತ್ರಿ."

"ಹೌದ್ರಿ. ಅದಕ್ಕ ಮಾತು ಬರತಿರಲಿಲ್ಲ. ನನಗ ಬರತೈತಿ."

ಹಿಂದೆ ನಿಂತವನೊಬ್ಬ ನಕ್ಕುಬಿಟ್ಟ. ಭರತ ಅವನನ್ನು ದುರುಗುಟ್ಟಿ ನೋಡಿ, "ಮುಂಜಾನೆ ಗಾಡಿ ಬರತೈತಿ" ಅಂದ.

"ಬರಲಿ. ಚಾ ಕುಡದು ಹೋಗ್ರಿ."

ಯಾರೂ ಕುಡಿಯಲಿಲ್ಲ. ಅವರು ಓಣಿ ದಾಟುವ ಮೊದಲೇ ಅವಳು ಅಂಗಳದಲ್ಲಿ ನಾಲ್ಕು ಕುಣಿ ತೋಡತೊಡಗಿದ್ದಳು. ಸುಹಾಸನಿಗೆ ಉಸುಕು, ಸಿಮೆಂಟ್ ತರಲು ಹೇಳಿದಳು.

"ನಮ್ಮ ಮಂದಿನ ಅದಾರ, ಅವ್ವಾ. ಒಂದು ಮಾತು ಕೇಳಿದ್ರ ಏನಾಕ್ಕೈತಿ?"

"ಕೇಳಿದ್ನಲ್ಲ. ಈಗ ಕಲಸು."

ಪೀಪಾಯಿಯ ಕಾಲುಗಳನ್ನು ಕುಣಿಗಿಳಿಸಿ, ಕರಣಿ ಹಿಡಿದು ಸಿಮೆಂಟನ್ನು ತಾನೇ ಮೆತ್ತಿದಳು. ಗಾಡಿಯವರಿಗೆ ಮುಂಜಾನೆ ಏನು ಹೇಳುತ್ತಿದ್ದಳೋ, ಅದನ್ನು ಕೇಳುವ ಪುಣ್ಯ ನಮಗಿರಲಿಲ್ಲ. ಹೊತ್ತು ಮುಳುಗುವ ಮುನ್ನ ಉಂಡು, ಸೊಂಟ ಹಿಡಿದುಕೊಂಡು ಮತ್ತೆ ಅಂಗಳಕ್ಕೆ ಬಂದಳು. ಹಸಿ ಸಿಮೆಂಟಿಗೆ ಒದ್ದೆ ಗೋಣಿಚೀಲ ಹೊದಿಸಿ, ನಾಯಿ ತುಳಿಯದಂತೆ ಸುತ್ತ ಇಟ್ಟಂಗಿ ಇಟ್ಟಳು.