ಪಾಲಿನಲ್ಲಿ ಬಿಟ್ಟುಹೋದ ಹೆಸರು

ಜೋಳದ ಹಿಟ್ಟು ಜರಡಿ ಹಿಡಿದೆ. ನಲ್ಲಿ ಬಂದಷ್ಟು ಹೊತ್ತು ಕೊಡ ತುಂಬಿದೆ. ಮಾಳಿಗೆಯ ಮೇಲೆ ತೊಗರಿಬೇಳೆ ಹರವಿ, ಕಾಗೆ ಬಾರದಂತೆ ನೋಡಿಕೊಳ್ಳಲು ಪಕ್ಕದ ಮನೆಯ ಭಾಬಿಗೆ ಹೇಳಿದೆ. ತಂಗಿಯ ಲ್ಯಾಪ್‌ಟಾಪಿನ ಚಾರ್ಜರನ್ನು ಚೀಲಕ್ಕೆ ಹಾಕಿದೆ. ಬೀದರದಿಂದ ಭಾಲ್ಕಿಗೆ ಹೋಗಿ ಅಣ್ಣನ ಬೈಗುಳ ಕೇಳಿದೆ, ಅಲ್ಲಿಂದ ಔರಾದಿಗೆ ಹೋಗಿ ತಮ್ಮನ ಬೈಗುಳ ಕೇಳಿದೆ. ಆ ದಿನ ಮಾಡಿದ ಕೆಲಸ ಇಷ್ಟು.

ತಂಗಿ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅದನ್ನು ಬಿಟ್ಟು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಒಂದು ಸಾಫ್ಟ್‌ವೇರ್ ಮಾಡಿದ್ದಳು. ವ್ಯಾಪಾರಸ್ಥರು ಗಿರಾಕಿಗಳಿಗೆ ಇಮೇಲಿನಲ್ಲಿ ಸುದ್ದಿಪತ್ರ ಕಳಿಸುತ್ತಾರಲ್ಲ, ಅದನ್ನು ಕಳಿಸಿದವರು ಅವರೇ ಎಂಬುದಕ್ಕೆ ಗುರುತಾಗಿ ಅವರ ವೆಬ್‌ಸೈಟ್ ಹೆಸರಿನ ಸೆಟ್ಟಿಂಗಿನಲ್ಲಿ ಕೆಲವು ಸಾಲು ಬರೆದಿಡಬೇಕಂತೆ. ಇಲ್ಲವಾದರೆ ಪತ್ರ ಸ್ಪ್ಯಾಮಿಗೆ ಬೀಳುತ್ತದೆ, ಕಳಿಸಿದವನಿಗೆ ಗೊತ್ತೂ ಆಗುವುದಿಲ್ಲ. ಆ ಸಾಲುಗಳನ್ನು ನೋಡಿದರೆ ನನಗಂತೂ ತಲೆ ತಿರುಗುತ್ತದೆ. ತಂಗಿಯ ಸಾಫ್ಟ್‌ವೇರಿನಲ್ಲಿ ಹೆಸರು ಹಾಕಿ ಒಮ್ಮೆ ಲಾಗಿನ್ ಆದರೆ ಮುಗಿಯಿತು, ಸಾಲುಗಳನ್ನು ಅದೇ ಬರೆದು ಅದೇ ಕೂರಿಸುತ್ತದೆ. ಕೋಚಿಂಗ್ ಕ್ಲಾಸಿನವರು, ಬಿದರಿ ಸಾಮಾನು ಹೊರದೇಶಕ್ಕೆ ಕಳಿಸುವವರು, ಬೀಜದ ಅಂಗಡಿಯವರು ಎಲ್ಲರಿಗೂ ಇದು ಬೇಕು, ಇದರಲ್ಲಿ ಧಂದಾ ಇದೆ ಎಂದು ಅವಳ ಹಟ.

ಅಣ್ಣನದು ಭಾಲ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಪುಣೆ, ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದು ಊರಲ್ಲಿ ಹೊಲ ಇಟ್ಟುಕೊಂಡವರಿಗೆ ಅವನು ಪತ್ರ ಕಳಿಸುತ್ತಾನೆ. ಸೋಯಾ ಯಾವಾಗ ಬಿತ್ತಬೇಕು, ಯಾವ ಬೀಜ ಬಂದಿದೆ ಎಂದು ಅದರಲ್ಲಿ ಇರುತ್ತದೆ. ಆ ಪತ್ರ ಯಾರಿಗೂ ಮುಟ್ಟುತ್ತಿರಲಿಲ್ಲ. ಅವನ ಅಂಗಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ತೋರಿಸಿದರೆ ಉಳಿದ ಅಂಗಡಿಯವರೂ ತೆಗೆದುಕೊಳ್ಳುತ್ತಾರೆಂದು ಮಾತಾಗಿತ್ತು. ಇತ್ತ ಶಾಲೆಯವರು ತಂಗಿಯ ಜಾಗ ಖಾಲಿ ಇಟ್ಟು ಕಾದಿದ್ದರು. ಬರುತ್ತಾಳೋ ಇಲ್ಲವೋ ಎಂದು ಅಂದು ಸಂಜೆಯೊಳಗೆ ಹೇಳಬೇಕಿತ್ತು.

ಭಾಲ್ಕಿಯಲ್ಲಿ ಬೇರೆ ಅಂಗಡಿಯವರೂ ಬಂದು ಗೊಬ್ಬರದ ಚೀಲಗಳ ಮೇಲೆ ಕೂತಿದ್ದರು. ತಂಗಿ ಲ್ಯಾಪ್‌ಟಾಪಿನಲ್ಲಿ ಬಟನ್ ಒತ್ತಿದಳು. ಸಾಲುಗಳು ಕಣ್ಣೆದುರೇ ತಯಾರಾದವು. ಅವನ್ನು ಕೂರಿಸಲು ಒಟಿಪಿ ಕೇಳಿತು. ಎಲ್ಲರೂ ಅಣ್ಣನ ಮೊಬೈಲನ್ನೇ ನೋಡುತ್ತ ಕೂತರು. ಅದು ಸುಮ್ಮನೆ ಬಿದ್ದಿತ್ತು.

ಆ ವೆಬ್‌ಸೈಟಿನ ಹೆಸರನ್ನು ತನ್ನ ನಂಬರು ಕೊಟ್ಟು ನೋಂದಾಯಿಸಿದವನು ತಮ್ಮ, ಒಟಿಪಿ ಹೋಗುವುದು ಅವನ ಮೊಬೈಲಿಗೆ. ಆಗ ಅಪ್ಪನ ಹೆಸರಿನ ಅಂಗಡಿ ಒಂದೇ ಇತ್ತು, ವೆಬ್‌ಸೈಟಿಗೂ ಅದೇ ಹೆಸರು. ಹೋದ ವರ್ಷ ಅಣ್ಣ-ತಮ್ಮ ಬೇರೆಯಾದಾಗ ಹಿರಿಯರು ಜಮಖಾನೆಯ ಮೇಲೆ ಕೂತು ಗೋದಾಮು, ತಕ್ಕಡಿ, ತಾಡಪತ್ರಿ ಎಲ್ಲ ಪಾಲು ಮಾಡಿದರು. ಮುಟ್ಟಿ ತೋರಿಸುವಂಥದ್ದು ಮಾತ್ರ ಪಾಲಿಗೆ ಬರುತ್ತದೆ ನಮ್ಮಲ್ಲಿ. ವೆಬ್‌ಸೈಟಿನ ಹೆಸರು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಬಾಗಿಲಲ್ಲೇ ನಿಂತಿದ್ದ ನಾನೂ ಕೇಳಲಿಲ್ಲ.

ಭಾತಂಬ್ರಾದಿಂದ ಬಂದಿದ್ದ ಅಂಗಡಿಯವರು ನಕ್ಕರು. “ತಮ್ಮಗ ಫೋನ್ ಹಚ್ಚಿ ಕೇಳ್ರಿ ಸಾವಕಾರ್ರ, ಹಲ್ಲೇನ ಉದುರಲ್ಲ.”

“ಅವಂಗ ನಾ ಹಚ್ಚಲ್ಲ,” ಎಂದ ಅಣ್ಣ. ಆಮೇಲೆ ತಂಗಿಯ ಕಡೆ ತಿರುಗಿದ. “ಒತ್ತಿದ್ರ ಆಯ್ತು ಅಂದಿದ್ದಿ. ಮಂದಿ ಮುಂದ ಮರ್ಯಾದಿ ತಗದಿ. ಸುಮ್ನ ಸಾಲಿಗಿ ಹೋಗಿ ಪಾಠ ಹೇಳು.”

ಭಾತಂಬ್ರಾದವರು ಎದ್ದು ಹೋಗುವಾಗ, ತಮ್ಮದೂ ಅಷ್ಟೇ, ವೆಬ್‌ಸೈಟು ಅಳಿಯನ ನಂಬರಿನ ಮೇಲಿದೆ, ಅವನು ದೀಪಾವಳಿಗೂ ಮನೆಗೆ ಬಂದಿಲ್ಲ ಎಂದು ಗೊಣಗಿದರು. ಅಣ್ಣ ನಮಗೆ ಚಹಾ ಕೂಡ ಹೇಳಲಿಲ್ಲ.

ಔರಾದಿನಲ್ಲಿ ತಮ್ಮ ಚಹಾ ಹೇಳಿದ, ಆದರೆ ಕೂತುಕೊಳ್ಳಿ ಅನ್ನಲಿಲ್ಲ. ಪಂಪ್‌ಸೆಟ್ಟುಗಳ ನಡುವೆ ನಿಂತೇ ಕುಡಿದೆವು. ಒಟಿಪಿ ಒಮ್ಮೆ ಹೇಳು ಸಾಕು, ಹೆಸರು ನಿನ್ನ ಕಡೆಯೇ ಇರಲಿ, ಇದರ ಮೇಲೆ ತಂಗಿಯ ಕೆಲಸ ನಿಂತಿದೆ ಎಂದು ಹೇಳಿದೆ.

“ಅಕ್ಕಾ, ಪಾಲ ಮಾಡಾಗ ಕಸಬರಗಿ ಸೈತ ಒಯ್ದಾನ ಅಂವ. ಈಗ ಹೆಸರ ಬೇಕಾಗ್ಯಾದ? ಅವನೇ ಬರ್ಲಿ. ಈ ಸ್ಟೂಲಿನ ಮ್ಯಾಲ ಕೂತು ಕೇಳ್ಲಿ.”

ತಂಗಿಗೆ ಅವನು ಸಣ್ಣಣ್ಣ. ಅವಳು ಲ್ಯಾಪ್‌ಟಾಪು ತೆರೆದು ಅವನ ಮುಂದಿಟ್ಟಳು. ಅವನ ಅಂಗಡಿಯ ಪತ್ರವೂ ಅದೇ ಹೆಸರಿನಿಂದ ಹೋಗುತ್ತಿತ್ತು, ಅದೂ ಸ್ಪ್ಯಾಮಿನಲ್ಲೇ ಬಿದ್ದಿತ್ತು. “ಸಣ್ಣಣ್ಣಾ, ನಿಂದೂ ಮುಳಗ್ಯಾದ ನೋಡು,” ಎಂದಳು.

ಅವನು ಬಗ್ಗಿ ಸಾವಕಾಶವಾಗಿ ನೋಡಿದ. ಅವನ ಮುಖ ಅರಳಿತು. ಅದನ್ನು ನಾನು ಮರೆಯಲಾರೆ.

“ನಂದು ಮುಳಗಿದ್ರ ಅಡ್ಡಿಯಿಲ್ಲ. ಅವಂದೂ ಮುಳಗ್ತದಲ್ಲ.”

ಒಂದೇ ತಟ್ಟೆಯಲ್ಲಿ ಉಣ್ಣಿಸಿ ಬೆಳೆಸಿದ ತಮ್ಮ. ಅಣ್ಣನಾದರೂ ಏನು ಕಡಿಮೆ? ಆ ಸ್ಟೂಲಿನ ಮೇಲೆ ಒಂದು ಗಳಿಗೆ ಕೂತಿದ್ದರೆ ತಂಗಿಯ ಕೆಲಸ ಆಗಿಹೋಗುತ್ತಿತ್ತು. ಇಬ್ಬರಿಗೂ ಅವಳು ಕಾಣಲೇ ಇಲ್ಲ. ಲೋಟ ಕೆಳಗಿಟ್ಟು ಹೊರಬಿದ್ದೆ.

ಬಸ್ಸಿನಲ್ಲಿ ಅವಳಿಗೆ ಖಡಾಖಂಡಿತ ಹೇಳಿದೆ, ಇದು ಜಗಳಗಂಟರ ಊರು, ಇಲ್ಲಿ ನಿನ್ನ ಧಂದಾ ನಡೆಯುವುದಿಲ್ಲ, ಶಾಲೆಗೆ ಹೂಂ ಅನ್ನು ಎಂದು. ಬಸ್ಸು ಸಂತಪುರ ದಾಟುವಾಗ ಅವಳು ಹೇಳಿದಳು.

“ಸಾಲು ಬರಿಯೋದು ಕೆಲಸನೇ ಅಲ್ಲ ಅಕ್ಕಾ. ನಂಬರ ಯಾರದದ, ಅವರ ಕೂಡ ಮಾತದನೋ ಇಲ್ಲೋ, ಅದು ಮೊದಲ ಕೇಳಬೇಕಿತ್ತು. ಭಾತಂಬ್ರಾದಾಗೂ ಅದೇ ಕತಿ. ಎಲ್ಲಾ ಕಡಿ ಅದೇ ಇರ್ತದ.”

ಅಲ್ಲಿಂದಲೇ ಶಾಲೆಗೆ ಫೋನು ಮಾಡಿ ಬರುವುದಿಲ್ಲ ಎಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ಅಣ್ಣನಿಗೆ ಹಚ್ಚಿ, ಹೊಸ ವೆಬ್‌ಸೈಟ್ ಹೆಸರು ಮಾಡಿಸು, ನಿನ್ನ ನಂಬರಿನ ಮೇಲೆಯೇ ಮಾಡಿಕೊಡುತ್ತೇನೆ ಎಂದಳು. ಅಪ್ಪನ ಹೆಸರು ತಮ್ಮನಿಗೆ ಬಿಟ್ಟುಕೊಡಲೇನು ಎಂದು ಅಣ್ಣ ಕೂಗಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಫೋನು ಕಟ್ಟಾಯಿತು. ಅವಳು ತಡಮಾಡದೆ ಭಾತಂಬ್ರಾದವರಿಗೆ ಹಚ್ಚಿ, ಅಳಿಯ ಎಲ್ಲಿರುತ್ತಾನೆ ಎಂದು ಕೇಳತೊಡಗಿದಳು. ಕಮಠಾಣದಲ್ಲಿ ಅಂತೆ. ನಾಳೆ ಹೋಗಿ ಅವನ ಕೂಡ ಮಾತಾಡುತ್ತೇನೆ ಎಂದಳು.

ಮನೆಗೆ ಬಂದರೂ ನನಗೆ ಸಿಟ್ಟು ಇಳಿದಿರಲಿಲ್ಲ. ಬಿಸಿ ರೊಟ್ಟಿ ಬಡಿದೆ, ಪುಂಡಿಪಲ್ಯ ಮಾಡಿದೆ, ಮೇಲೆ ಶೇಂಗಾ ಹಿಂಡಿ. ಅವಳ ತಾಟಿಗೆ ಬಡಿಸಿದೆ. ಅವಳು ಮೂರು ರೊಟ್ಟಿ ತಿಂದು, ಕೈತೊಳೆದು, ಹಾಸಿಗೆ ಹಾಸಿಕೊಂಡು ನನಗಿಂತ ಮೊದಲೇ ಮಲಗಿಬಿಟ್ಟಳು.