ಚೆಂಬಿನ ಆರನೆಯ ಚಿತ್ರ

ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಚಿಟಿಕೆ ಮೈಲುತುತ್ತು ಹಾಕಿದರೆ ಒಂದು ವಾಸನೆ ಬರುತ್ತದೆ. ಹುಳಿಯೂ ಅಲ್ಲ, ಕಹಿಯೂ ಅಲ್ಲ. ಪಟಗಳಿಗೆ ಕಟ್ಟು ಹಾಕುವ ನಾವು ಹಿಂಬದಿಯ ಕಾಗದವನ್ನು ಆ ಅಂಟಿನಿಂದಲೇ ಅಂಟಿಸುತ್ತಿದ್ದೆವು. ಮೈಲುತುತ್ತು ಇದ್ದರೆ ಹುಳ ಮುಟ್ಟುವುದಿಲ್ಲ. ಈಗ ಟೇಪು ಬಂದಿದೆ. ಕಳೆದ ತಿಂಗಳು ಮಗಳು ಶಾಲೆಯ ಯಾವುದೋ ಕೆಲಸಕ್ಕೆ ಅಂಟು ಕೇಳಿದಳು. ಮೈಲುತುತ್ತು ಹಾಕದೆ ಒಂದಿಷ್ಟು ಕುದಿಸಿ ಕೊಟ್ಟೆ. ಹಬೆ ಎದ್ದಾಗ ಮೂಡುಬಿದಿರೆಯ ಡ್ರಾಯಿಂಗ್ ಮಾಸ್ಟ್ರು ನೆನಪಾದರು. ನೆನಪಾದರು ಎನ್ನುವುದು ಪೂರ್ತಿ ಸರಿಯಲ್ಲ. ನಾನು ಆ ಕಡೆ ನೋಡದೆ ಇದ್ದೆ, ಅಷ್ಟೆ...

ನಮ್ಮ ಅಂಗಡಿ ಬಂಟ್ವಾಳ ಪೇಟೆಯಲ್ಲಿತ್ತು, ಮನೆ ನರಿಕೊಂಬಿನಲ್ಲಿ. ನಾವು ಬ್ಯಾರಿಗಳು; ಅಂಗಡಿಯ ಗೋಡೆ ತುಂಬ ಕಾಬಾದ ಚಿತ್ರಗಳ ಜೊತೆಗೇ ಗಣಪತಿ, ಬಾಹುಬಲಿ, ಏಸು, ಮದುವೆಯ ಜೋಡಿಗಳು, ತೀರಿಹೋದವರು. ನನ್ನ ತಂದೆಗೆ ಒಂದು ಕಟ್ಟುನಿಟ್ಟು ಇತ್ತು. ಹೆಸರು ಬರೆಯದೆ ಯಾವ ಪಟವೂ ಅಂಗಡಿಯಿಂದ ಹೊರಗೆ ಹೋಗಬಾರದು. ಅದಕ್ಕೆ ಕಾರಣವಿತ್ತು. ಒಮ್ಮೆ ಮಡಂತ್ಯಾರಿನ ಒಬ್ಬ ಅಜ್ಜನ ಫೋಟೊ ಸಿದ್ಧಕಟ್ಟೆಯ ಒಂದು ಮನೆಗೆ, ಅಲ್ಲಿಯ ಅಜ್ಜನದ್ದು ಮಡಂತ್ಯಾರಿಗೆ ಹೋಗಿಬಿಟ್ಟಿತ್ತು. ಇಬ್ಬರಿಗೂ ಮುಂಡಾಸು, ಇಬ್ಬರಿಗೂ ಮೀಸೆ. ಒಂದು ವರ್ಷ ಎರಡೂ ಮನೆಯವರು ಬೇರೆಯವರ ಅಜ್ಜನಿಗೆ ಹೂಮಾಲೆ ಹಾಕಿದ್ದರು. ಒಂದು ಮನೆಯ ಅಜ್ಜಿ ಮಾತ್ರ, ಸತ್ತ ಮೇಲೆ ಇವರು ಸ್ವಲ್ಪ ಚಂದ ಆಗಿದ್ದಾರೆ ಎಂದು ಹೇಳುತ್ತಿದ್ದಳಂತೆ. ಆಮೇಲೆ ತಂದೆ ಎಲ್ಲ ಪಟಗಳ ಕೆಳಗೂ ಹೆಸರು ಬರೆಯಲು ಶುರು ಮಾಡಿದರು, ಗಣಪತಿಗೂ ಬಿಡಲಿಲ್ಲ. ಅಕ್ಷರ ಬರೆಯುವುದನ್ನು ನನಗೂ ಕಲಿಸಿದರು. ನನ್ನ ಅಕ್ಷರ ತಂದೆಯದಕ್ಕಿಂತ ಚೆನ್ನಾಗಿತ್ತು. ಅದು ನನಗೂ ಗೊತ್ತಿತ್ತು.

ಮಾಸ್ಟ್ರು ತೊಂಬತ್ತರ ದಶಕದ ಮಧ್ಯದಲ್ಲಿ ನಮ್ಮಲ್ಲಿಗೆ ಬರತೊಡಗಿದರು. ಬಂಟ್ವಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಚಿತ್ರ ಕಲಿಸುತ್ತಿದ್ದರು. ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬರುವಾಗ ಚಿತ್ರವನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದರು. ಒಂದು ಹಲಗೆ, ಹಲಗೆಯ ಮೇಲೆ ಎರಡೋ ಮೂರೋ ವಸ್ತು, ಅವರ ಚಿತ್ರದಲ್ಲಿ ಇರುತ್ತಿದ್ದುದು ಅಷ್ಟೆ. ತೊಂಡೆಕಾಯಿ, ಬಸಳೆಯ ದಂಟು, ಲಾಟೀನಿನ ಗಾಜು, ತಾಮ್ರದ ಚೆಂಬು. ಅವರು ಜೈನರು, ಅಡುಗೆಮನೆಗೆ ನೀರುಳ್ಳಿ ಬರುತ್ತಿರಲಿಲ್ಲ, ಚಿತ್ರಕ್ಕೂ ಬರಲಿಲ್ಲ. ಹೆಸರು ಬರೆಯಲೇ ಎಂದು ನಾನು ಮೊದಲ ಸಲ ಕೇಳಿದಾಗ ನಕ್ಕರು. "ತೊಂಡೆಕಾಯಿಗೆ ಹೆಸರು ಬರೆದ್ರೆ ಅದಕ್ಕೆ ಬೇಸರ ಆಗ್ತದೆ, ಸಾಹೇಬ್ರೇ" ಎಂದರು. ಅವರ ಚಿತ್ರಗಳಿಗೆ ಮಾತ್ರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುವುದೆಂದು ನಾನೇ ಒಂದು ರಾಜಿ ಮಾಡಿಕೊಂಡೆ.

ಅವರ ಚಿತ್ರಗಳಿಗೆ ತೀರ್ಪು ಕೊಡುತ್ತಿದ್ದವರು ಅವರ ಹೆಂಡತಿ. ಕಟ್ಟು ಹಾಕದ ಚಿತ್ರ ಅರ್ಧ ಬೆಂದ ಅನ್ನ, ಅದರ ಬಗ್ಗೆ ತಾನು ಮಾತಾಡುವುದಿಲ್ಲ ಎನ್ನುತ್ತಿದ್ದರಂತೆ. ಹಾಗಾಗಿ ಪ್ರತಿ ಚಿತ್ರವೂ ನನ್ನ ಕೈ ದಾಟಿ ಅವರ ಎದುರಿಗೆ ಹೋಗಬೇಕಿತ್ತು. ತಿಂಗಳು ಕಳೆದು ಮಾಸ್ಟ್ರು ಬಂದು ತೀರ್ಪು ಒಪ್ಪಿಸುತ್ತಿದ್ದರು. ತೊಂಡೆಕಾಯಿ ಬಲಿತಿದೆ, ಪಲ್ಯಕ್ಕೆ ಆಗದು. ಈ ಚೆಂಬನ್ನು ಹುಣಸೆಹುಳಿ ಹಾಕಿ ತಿಕ್ಕಿಲ್ಲ, ನಾಚಿಕೆ ಆಗುವುದಿಲ್ಲವಾ ಹೀಗೆ ಹತ್ತು ಜನರಿಗೆ ತೋರಿಸಲು...

ಆಮೇಲೆ ಆ ಅಮ್ಮನಿಗೆ ಒಂದು ಕಾಯಿಲೆ ಶುರುವಾಯಿತು. ವಯಸ್ಸು ಐವತ್ತು ದಾಟಿರಲಿಲ್ಲ. ವಸ್ತುಗಳ ಹೆಸರುಗಳು ಒಂದೊಂದಾಗಿ ಹೋಗುತ್ತವೆ, ವಾಪಸು ಬರುವುದಿಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಅದನ್ನು ಮಾಸ್ಟ್ರು ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದರು. ಮೊದಲು ತೊಂಡೆಕಾಯಿ ಹೋಯಿತು. ಆಮೇಲೆ ಬಸಳೆ. ಲಾಟೀನನ್ನು ಅವರು "ಅದು" ಎಂದರಂತೆ. ಚೆಂಬು ಉಳಿದಿತ್ತು.

ಅಲ್ಲಿಂದ ಮುಂದೆ ಮಾಸ್ಟ್ರು ಚೆಂಬನ್ನು ಮಾತ್ರ ಬರೆದರು. ನಾನು ಆ ಚಿತ್ರಗಳನ್ನು ಸಾಲಾಗಿ ಕಂಡವನು. ಮೊದಲನೆಯದರಲ್ಲಿ ಚೆಂಬಿನ ನೆಗ್ಗು, ಕಿಲುಬು ಎಲ್ಲ ಇತ್ತು. ಎರಡನೆಯದರಲ್ಲಿ ನೆಗ್ಗು ಇರಲಿಲ್ಲ. ಮೂರನೆಯದರಲ್ಲಿ ಹಲಗೆ ಹೋಗಿತ್ತು. ನಾಲ್ಕನೆಯದರಲ್ಲಿ ಕುತ್ತಿಗೆಯ ಗೆರೆ ಹೊಟ್ಟೆಗೆ ಸೇರಿಕೊಂಡಿತ್ತು. ಐದನೆಯದನ್ನು ಮೇಜಿನ ಮೇಲೆ ಒಣಗಲು ಇಟ್ಟಾಗ ಪಕ್ಕದ ಅಂಗಡಿಯ ಟೈಲರು ಬಗ್ಗಿ ನೋಡಿ, "ಇದು ಎಂತ ಮಾರಾಯ, ಗೋಡೆಗೆ ನೀರು ಇಳಿದದ್ದಾ?" ಎಂದ. ಮಾಸ್ಟ್ರ ಕೈಯ ಹಿಡಿತ ತಪ್ಪುತ್ತಿದೆ ಎಂದೇ ನಾನೂ ಭಾವಿಸಿದ್ದೆ. ಕೇಳಿದಾಗ ಅವರು ಹೇಳಿದರು: "ಎಷ್ಟು ತೆಗೆದರೂ ಅವಳಿಗೆ ಚೆಂಬು ಕಾಣ್ತದೆ. ಎಲ್ಲಿವರೆಗೆ ಕಾಣ್ತದೆ ಅಂತ ನೋಡುವ." ಐದನೆಯದಕ್ಕೂ ಆ ಅಮ್ಮ ಚೆಂಬು ಎಂದೇ ಹೇಳಿದರಂತೆ.

ಆರನೆಯದರಲ್ಲಿ ತಾಮ್ರದ ಬಣ್ಣದ ಒಂದು ದಟ್ಟಣೆ, ಅದರ ಎಡಕ್ಕೆ ಓರೆಯಾಗಿ ಬಿದ್ದ ಬೆಳಕು. ಬೇರೆ ಏನೂ ಇರಲಿಲ್ಲ. ಚಿತ್ರ ಕೊಟ್ಟು ಹೋದವರು ತಿರುಗಿ ಬರಲಿಲ್ಲ. ಹೆಂಡತಿಯನ್ನು ಒಬ್ಬಳನ್ನೇ ಬಿಟ್ಟು ಬರುವ ಹಾಗಿಲ್ಲ, ಶಾಲೆಗೂ ರಜೆ ಹಾಕಿದ್ದೇನೆ ಎಂದು ಯಾರದೋ ಮೂಲಕ ಹೇಳಿ ಕಳಿಸಿದರು. ನಾನೇ ಕೊಂಡುಹೋಗಿ ಕೊಡುವುದೆಂದು ನಿಶ್ಚಯಿಸಿದೆ. ಅಂದಿನ ಯೋಚನೆಯನ್ನು ಇದ್ದ ಹಾಗೇ ಬರೆಯಬೇಕು. ಹೆಸರು ಮರೆಯುವವರಿಗೆ ಹೆಸರು ಬರೆದುಕೊಟ್ಟರೆ ಉಪಕಾರ ಎಂದು ನನಗೆ ತೋರಿತು. ಚಿತ್ರದ ಸುತ್ತ ಇಡುವ ಬಿಳಿ ರಟ್ಟಿನ ಕೆಳಗಿನ ಅಂಚಿನಲ್ಲಿ, ಕಪ್ಪು ಬಣ್ಣದಲ್ಲಿ, ನನ್ನ ಅತ್ಯುತ್ತಮ ಅಕ್ಷರದಲ್ಲಿ "ಚೆಂಬು" ಎಂದು ಬರೆದೆ. ಗಾಜು ಹಾಕಿ ಮೊಳೆ ಹೊಡೆದೆ.

ಅವರ ಮನೆ ಬಸದಿಯ ಹಿಂದಿನ ಓಣಿಯಲ್ಲಿತ್ತು. ನಾನು ಹೋದಾಗ ಬೆಳಿಗ್ಗೆ ಹತ್ತೂವರೆ. ಅಮ್ಮ ಜಗಲಿಯ ಬೆಂಚಿನ ಮೇಲೆ ಕುಳಿತಿದ್ದರು, ತಲೆ ಬಾಚಿ ಹೂ ಮುಡಿಸಲಾಗಿತ್ತು. ಮಾಸ್ಟ್ರು ಕೂತುಕೊಳ್ಳಿ ಎಂದು ಹೇಳಿ ಕಾಫಿಗೆ ಒಳಗೆ ಹೋದರು. ನಾನು ಪೇಪರು ಬಿಚ್ಚಿ ಚಿತ್ರವನ್ನು ಎದುರಿನ ಗೋಡೆಗೆ ಒರಗಿಸಿದೆ.

"ಚೆಂಬು" ಎಂದರು ಅಮ್ಮ. ಸ್ಪಷ್ಟವಾಗಿ.

ಮಾಸ್ಟ್ರು ಒಳಗಿನಿಂದ ಓಡಿಬಂದರು. ಕೈಯಲ್ಲಿ ಸೋಸುವ ಬಟ್ಟೆ ಹಾಗೇ ಇತ್ತು. "ಎಂತ ಹೇಳಿದ್ಳು? ಚೆಂಬು ಅಂದ್ಳಾ?" ಎಂದು ಕೇಳುತ್ತ ಹೆಂಡತಿಯ ಪಕ್ಕ ಕುಳಿತರು. ಹದಿನೈದು ದಿನಗಳಿಂದ ಅಮ್ಮ ಯಾವ ವಸ್ತುವಿಗೂ ಹೆಸರು ಹೇಳಿರಲಿಲ್ಲವಂತೆ. ಆಮೇಲೆ ಮಾಸ್ಟ್ರು ಚಿತ್ರದ ಕಡೆ ತಿರುಗಿದರು. ಅಕ್ಷರ ಕಂಡಿತು. ನನ್ನನ್ನು ಬಯ್ಯಲಿಲ್ಲ.

"ಅವಳಿಗೆ ಓದಲಿಕ್ಕೆ ಬರ್ತದೆ, ಸಾಹೇಬ್ರೇ" ಎಂದರು. "ವಸ್ತು ಗುರುತು ಸಿಗುವುದಿಲ್ಲ, ಅಕ್ಷರ ಹೋಗ್ಲಿಲ್ಲ. ಪೇಪರಿನ ದೊಡ್ಡಕ್ಷರ ಪೂರಾ ಓದ್ತಾಳೆ, ಅರ್ಥ ಕೇಳಿದರೆ ಇಲ್ಲ."

ನಾನು ತಪ್ಪಾಯಿತು ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ. ಎದ್ದು ಹೋಗಿ ಅಂಗೈಯಿಂದ ಅಕ್ಷರವನ್ನು ಮುಚ್ಚಿ ಹೆಂಡತಿಯ ಮುಖ ನೋಡಿದರು. ಅಮ್ಮ ಅಂಗಳದ ಕಾಗೆಯನ್ನು ನೋಡುತ್ತಿದ್ದರು. ಆಗ ಮಾಸ್ಟ್ರು ನನ್ನ ಕಡೆ ತಿರುಗಿ ಕೇಳಿದರು:

"ನೀವು ಎದುರಿಗೇ ಇದ್ರಿ. ಅವಳ ಕಣ್ಣು ಮೊದಲು ಎಲ್ಲಿಗೆ ಹೋಯ್ತು? ಬಣ್ಣಕ್ಕಾ, ಅಕ್ಷರಕ್ಕಾ?"

"ಬಣ್ಣಕ್ಕೆ" ಎಂದೆ.

ಅವರು ಎರಡು ಸಲ ತಲೆಯಾಡಿಸಿ ಒಳಗೆ ಹೋಗಿ ಕಾಫಿ ತಂದರು.

ಅಮ್ಮ ಆಮೇಲೆ ಯಾವ ಚಿತ್ರಕ್ಕೂ ಹೆಸರು ಹೇಳಲಿಲ್ಲ. ಆದರೆ ಮಾಸ್ಟ್ರು ನನ್ನ ಮಾತನ್ನು ನಂಬಿದ್ದರು. ಅಷ್ಟು ತೆಗೆದರೂ ಕಂಡಿತಲ್ಲ, ಇನ್ನೂ ತೆಗೆದರೂ ಕಾಣಬಹುದು, ಬಾಯಿಗೆ ಬರುವುದಿಲ್ಲ ಅಷ್ಟೆ ಎಂದುಕೊಂಡು ಎರಡು ವರ್ಷ ಚಿತ್ರ ಬರೆದರು. ಬೆಳಕಿನ ಓರೆಯೂ ಹೋಯಿತು, ಕೊನೆಗೆ ಕೆಂಪು ಮಾತ್ರ. ಅವನ್ನು ಮಂಗಳೂರಿನಲ್ಲಿ ಪ್ರದರ್ಶನಕ್ಕೆ ಇಟ್ಟರು. ಕಟ್ಟು ಹಾಕಿದವನೆಂದು ನನ್ನನ್ನೂ ಕರೆದಿದ್ದರು. ತಿಳಿದವರು ಯಾರೋ, ಇವರು ವಸ್ತುವನ್ನು ದಾಟಿ ಹೋದವರು ಎಂದು ಹೊಗಳಿದರು. ಮಾಸ್ಟ್ರು ಸುಮ್ಮನೆ ಕೈ ಮುಗಿದರು. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ.

ಅಮ್ಮ ತೀರಿಕೊಂಡ ವರ್ಷ ಮಾಸ್ಟ್ರು ಮತ್ತೆ ಹಲಗೆಯ ಚಿತ್ರಕ್ಕೆ ಬಂದರು. ತೊಂಡೆಕಾಯಿಯ ಬಿಳಿ ಗೆರೆಗಳನ್ನು ಎಣಿಸಿ ಬರೆದ ಹಾಗೆ ಬರೆಯುತ್ತಿದ್ದರು. ಬದಲಾದದ್ದು ಯಾಕೆ ಎಂದು ಕೇಳಿದೆ. "ತೆಗೆದದ್ದು ಸಾಕು. ಇನ್ನು ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಳ್ಳುವ" ಎಂದರು.

ನಿಜ ಹೇಳಲೆಂದು ನಾನು ಮೂರು ಸಲ ಮೂಡುಬಿದಿರೆಯ ಬಸ್ಸು ಹತ್ತಿದೆ. ಒಮ್ಮೆ ಸಿದ್ಧಕಟ್ಟೆಯಲ್ಲೇ ಇಳಿದು ಹಿಂದೆ ಬಂದೆ. ಇನ್ನೊಮ್ಮೆ ಅವರು ಮನೆಯಲ್ಲಿರಲಿಲ್ಲ. ಮೂರನೆಯ ಸಲ ಆ ಜಗಲಿಯಲ್ಲೇ ಕುಳಿತು ಕಾಫಿ ಕುಡಿದು, ಗಾಜಿನ ಗುಣಮಟ್ಟದ ಬಗ್ಗೆ ಮಾತಾಡಿ ಎದ್ದು ಬಂದೆ. ಮುಂದಿನ ಮಳೆಗಾಲಕ್ಕೆ ಮಾಸ್ಟ್ರೂ ಇರಲಿಲ್ಲ. ಅದಾಗಿ ಈಗ ಹಲವು ವರ್ಷ.

ಮಗಳಿಗೆ ಅಂಟು ತಣಿಸಿ ಕೊಟ್ಟು ಪಾತ್ರೆ ತೊಳೆದಿಟ್ಟೆ. ಅಂದು ಆ ಅಮ್ಮ ಬಣ್ಣವನ್ನು ನೋಡಿದರೋ ಅಕ್ಷರವನ್ನು ಓದಿದರೋ, ಹೇಳಬಲ್ಲವನು ನಾನೊಬ್ಬನೇ ಇದ್ದೆ. ಆ ಗಳಿಗೆಯಲ್ಲಿ ನಾನು ಅವರ ಮುಖ ನೋಡುತ್ತಿರಲಿಲ್ಲ. ಗಾಜಿನ ಒಳಗೆ ನನ್ನ ಅಕ್ಷರ ಹೇಗೆ ಕಾಣುತ್ತದೆ ಎಂದು ನೋಡುತ್ತಿದ್ದೆ.