ಮುಷ್ಟಿಯಲ್ಲೇ ಉಳಿದ ಮಣ್ಣು

ಕೆಮ್ಮಣ್ಣು ಎಂಬ ನಮ್ಮೂರಿನಲ್ಲಿ ನಮಗೆ ಕೆಲವರಿಗೆ ಹಳೆಯ ಒಡಂಬಡಿಕೆಯನ್ನು ಹೀಬ್ರೂವಿನಲ್ಲೇ ಓದಲು ಕಲಿಸಿದ ವಯಸ್ಸಾದ ಪಾದ್ರಿಗಳು ತಂಗಿಯ ಮಗಳ ಸ್ಕೂಟರಿನ ಹಿಂದೆ ಕೂತು, ಪುಸ್ತಕವನ್ನು ಎದೆಗವಚಿಕೊಂಡು ಬರುತ್ತಿದ್ದರು. ದೊಡ್ಡ ಪದಗಳ ಅರ್ಥ ಕೇಳಿದರೆ ಅವರಿಗೆ ಸಿಟ್ಟು. ಅವರ ಬೆರಳು ನಿಲ್ಲುತ್ತಿದ್ದುದು ಪದದ ಮೊದಲಿಗೆ ಅಂಟಿಕೊಂಡ, ಗೀಟಿನಂಥ ಒಂದು ಅಕ್ಷರದ ಮೇಲೆ.

"ಇದು 'ಮತ್ತು' ಕೂಡ ಹೌದು, 'ಆದರೆ' ಕೂಡ ಹೌದು. ಯಾವುದೆಂದು ಓದುವವನೇ ಹೇಳಬೇಕು, ಅಲ್ವಾ?" ಎನ್ನುತ್ತಿದ್ದರು.

ಊರಲ್ಲಿ ಯಾರನ್ನು ಹೂಳುವಾಗಲೂ ಅವರು ಅದೇ ಹೀಬ್ರೂ ಪುಸ್ತಕದಿಂದ ಗೋಳಿನ ಕೀರ್ತನೆಯೊಂದನ್ನು ಕನ್ನಡ ಮಾಡುತ್ತ ಓದುತ್ತಿದ್ದರು. ಗೋಳೆಲ್ಲ ಮುಗಿದು ಆ ಅಕ್ಷರ ಬಂದಾಗ ತಲೆಯೆತ್ತಿ, ಎಲ್ಲರನ್ನೂ ನೋಡಿ, "ಆದರೆ" ಎಂದು ನಂಬಿಕೆಯ ಸಾಲಿಗೆ ಹೊರಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಹೊಂಡಕ್ಕೆ ಹಿಡಿಮಣ್ಣು ಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿತ್ತು.

ಸಂತೆಕಟ್ಟೆಯ ಹೆದ್ದಾರಿಯಲ್ಲಿ ಲಾರಿ ಬಡಿದು ಆ ತಂಗಿಯ ಮಗಳು ತೀರಿಕೊಂಡಳು. ಓದಲು ಅವರೇ ನಿಂತರು. ಗೋಳಿನ ಸಾಲುಗಳು ಮುಗಿದವು. ಬೆರಳು ಆ ಅಕ್ಷರದ ಮೇಲೆ ನಿಂತಿತು. ತಲೆ ಮಾತ್ರ ಮೇಲೇಳಲಿಲ್ಲ. ನಾವೆಲ್ಲ ಮುಷ್ಟಿಯಲ್ಲಿ ಮಣ್ಣು ಹಿಡಿದು ಕಾದೆವು.

"ಅಣ್ಣ, 'ಆದರೆ' ಹೇಳು," ಎಂದರು ತಂಗಿ, ಮೆಲ್ಲಗೆ, ಬೇಡುವವರ ಹಾಗೆ.



"ಇವತ್ತು ನನಗೆ ಇಲ್ಲಿ 'ಮತ್ತು' ಅಂತಲೇ ಕಾಣ್ತದೆ. ಗೋಳು ಇನ್ನೂ ಉಂಟು," ಎಂದು ಪಾದ್ರಿಗಳು ಪುಸ್ತಕ ಮುಚ್ಚಿದರು.

ಕೊನೆಗೆ ಹೊಂಡ ತೋಡಿದವನೇ ಗುದ್ದಲಿ ಹಿಡಿದು ಮಣ್ಣು ಎಳೆಯತೊಡಗಿದ. ನಮ್ಮ ಮುಷ್ಟಿಗಳಲ್ಲಿ ಮಣ್ಣು ಬೆವರಿಗೆ ಮುದ್ದೆಯಾಗಿತ್ತು. ತಾಯಿ ಮಾತ್ರ ಮಣ್ಣು ಹಿಡಿದ ಕೈಯನ್ನು ಹೊಂಡದತ್ತ ಚಾಚಿಯೇ ನಿಂತಿದ್ದರು, ಅಣ್ಣನ ಬಾಯಿಯನ್ನೇ ನೋಡುತ್ತ.